ಮೊದಲು ಅಂಗೈ ನೋಡು

ಸಫಿ ಬಂದರಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಸಾರ್ಡೀನ್ ಮೀನಿನ ಕಾರ್ಖಾನೆಯ ಗೇಟಿನ ಮುಂದೆ ಹೆಂಗಸರು ಇಬ್ಬಿಬ್ಬರಾಗಿ ನಿಂತಿದ್ದಾರೆ. ಒಬ್ಬಳು ಇನ್ನೊಬ್ಬಳ ಜೆಲ್ಲಾಬಾ ನಿಲುವಂಗಿಯೊಳಗೆ ಕೈಹಾಕಿ ಬೆನ್ನು, ಕಂಕುಳು, ಪಕ್ಕೆ ಸವರುತ್ತಾಳೆ. ಆಮೇಲೆ ಅಂಗೈಯನ್ನು ದೀಪಕ್ಕೆ ಹಿಡಿದು ನೋಡುತ್ತಾಳೆ. ಇದಕ್ಕೆ ಕಾವಲುಗಾರ ಬುಶ್ತಾ ಇಟ್ಟ ಹೆಸರು 'ಚಿಗಟ ಹುಡುಕುವ ಹೊತ್ತು'.

ಈ ರೂಢಿ ತಂದವರು ಮೀನು ಸೀಳುವ ರಕಿಯಾ. ಐವತ್ತು ದಾಟಿದ ಹೆಂಗಸು, ಮಾತು ಕಡಿಮೆ.

ಕಾರ್ಖಾನೆಯ ದಾರಿಯಲ್ಲಿ ಚಾಕು ತೋರಿಸಿ ಚೀಲ ಕೀಳುವವರಿದ್ದಾರೆ. ಕೆಲವು ವರ್ಷದ ಹಿಂದೆ ರಕಿಯಾರ ತಂಗಿ ತೂದಾ ಅಂಥವನೊಬ್ಬನ ಜೊತೆ ಗುದ್ದಾಡಿ ಚೀಲ ಉಳಿಸಿಕೊಂಡಳು. ಪಕ್ಕೆಗೊಂದು ಗುದ್ದಿದ ಎಂದು ನಗುತ್ತ ಹೇಳಿ ಕೆಲಸಕ್ಕೆ ನಿಂತಳು. ಕಪ್ಪು ಉಣ್ಣೆಯ ಜೆಲ್ಲಾಬಾ, ಮೇಲೆ ರಬ್ಬರ್ ಏಪ್ರನ್. ರಕ್ತ ಯಾರಿಗೂ ಕಾಣಲಿಲ್ಲ. ಚಹಾದ ಹೊತ್ತಿಗೆ ಕುಸಿದವಳು ಆಸ್ಪತ್ರೆ ಮುಟ್ಟಲಿಲ್ಲ.

"ಚಳಿ ಅಂದ್ಲು, ಶಾಲು ಹೊದಿಸ್ದೆ," ಎನ್ನುತ್ತಾರೆ ರಕಿಯಾ. "ಮೀನು ಸೀಳೋವಾಗ ಬೆರಳು ಕುಯ್ದಿದ್ದು ಉಪ್ಪುನೀರಿಗೆ ಇಟ್ಟಾಗ್ಲೇ ನಮಗೆ ಗೊತ್ತಾಗೋದು. ಚಾಕು ಹಂಗೇ, ಹೇಳಿ ಬರಲ್ಲ."

ನಂಬುವುದು ಕಷ್ಟ, ಆದರೆ ನಿಜ. ಜಗಳದ ಕಾವಿನಲ್ಲಿ ಕಬ್ಬಿಣ ಒಳಹೊಕ್ಕರೂ ಮೈಗೆ ಅದು ಬರೀ ಗುದ್ದು. ಅದಕ್ಕೇ ರಕಿಯಾ ಹುಡುಗಿಯರಿಗೆ ಹೇಳಿಕೊಡುವುದು ಇಷ್ಟೇ: ಚೀಲ ಬಿಟ್ಟು ಓಡು. ಗುದ್ದು ಬಿತ್ತು ಅನಿಸಿದರೆ ಚಾಕು ಅಂತಲೇ ತಿಳಿ. ಕೈಯಿಟ್ಟು ನೋಡು, ಬಟ್ಟೆ ಒತ್ತಿ ಹಿಡಿ.

ಹೊಸದಾಗಿ ಸೇರಿದ ಹುಡುಗಿ ಇಟ್ಟೋ ಈ ಮಾತು ಕೇಳಲಿಲ್ಲ. ಕಳೆದ ಚಳಿಗಾಲದಲ್ಲಿ ಕಳ್ಳನೊಬ್ಬನನ್ನು ಕೆಡವಿ, ಬೀಗುತ್ತ ಗೇಟಿಗೆ ಬಂದಳು.

"ಒಂದೇ ಒಂದು ಗುದ್ದಿದ, ಲಲ್ಲಾ ರಕಿಯಾ. ನಮ್ಮಜ್ಜಿ ಇದಕ್ಕಿಂತ ಜೋರಾಗಿ ಗುದ್ದುತ್ತಾಳೆ."

"ನಿಮ್ಮಜ್ಜಿ ಬರಿಗೈಲಿ ಗುದ್ದುತ್ತಾಳೆ. ತಿರುಗು."

ಬೆನ್ನು ಸವರಿದ ರಕಿಯಾರ ಅಂಗೈ ಒದ್ದೆಯಾಗಿತ್ತು. ಬೆವರು ಎಂದಳು ಇಟ್ಟೋ. ಹಳದಿ ದೀಪದಡಿ ಕೆಂಪು ಕಾಣದೆ, ಹೌದೆನ್ನುವ ಹಾಗೇ ಇತ್ತು. ರಕಿಯಾ ಅಂಗೈಯನ್ನು ಮೂಗಿಗೆ ಹಿಡಿದರು. ಮರುಗಳಿಗೆಯೇ ತಮ್ಮ ತಲೆವಸ್ತ್ರ ಬಿಚ್ಚಿ ಹುಡುಗಿಯ ಬೆನ್ನಿಗೆ ಒತ್ತಿ, ಬುಶ್ತಾನನ್ನು ಕೂಗಿದರು. ಚಿಗಟದ ಹಾಸ್ಯ ಮಾಡುತ್ತಿದ್ದ ಅದೇ ಬುಶ್ತಾ ಮೀನಿನ ಗಾಡಿಯಲ್ಲಿ ಅವಳನ್ನು ಆಸ್ಪತ್ರೆಗೆ ಓಡಿಸಿದ. ಗಾಯ ಆಳವಾಗಿತ್ತು, ಹುಡುಗಿ ಬದುಕಿದಳು. ಈಗ ದಿನಾ ಬೆಳಿಗ್ಗೆ ರಕಿಯಾರ ಬೆನ್ನು ಸವರುವವಳು ಅವಳೇ.

ಈ ಕೆಲಸಕ್ಕೆ ಏನಾದರೂ ಬೇಕಾ ಎಂದು ಕೇಳಿದರೆ ರಕಿಯಾ ಗೇಟಿನ ದೀಪ ತೋರಿಸುತ್ತಾರೆ.

"ಒಂದು ಬಿಳಿ ಬಲ್ಬ್ ಹಾಕ್ಲಿ. ಮೂಸಿ ರಕ್ತ ಕಂಡುಹಿಡಿಯೋದು ನಾಯಿ ಕೆಲಸ."