ಅಂಕಣಕ್ಕೆ ಇಸ್ತ್ರಿ ಹಾಕುವ ಮನಾಂಗ್ ಕೊನ್ಸಿಂಗ್

ಇಗರ್ಜಿಯಲ್ಲಿ ಭಾನುವಾರದ ಮೊದಲ ಪೂಜೆಯ ಗಂಟೆ ಇನ್ನೂ ಹೊಡೆದಿಲ್ಲ. ಸಾನ್ ರೋಕೆ ಊರಿನ ಕ್ರೀಡಾಮಂದಿರದೊಳಗೆ, ಕಡಲ ಕಡೆಯ ಬುಟ್ಟಿಯ ಕೆಳಗೆ, ಒಬ್ಬ ಹೆಂಗಸು ಮಂಡಿಯೂರಿ ಬ್ಯಾಸ್ಕೆಟ್‌ಬಾಲ್ ಅಂಕಣಕ್ಕೆ ಇಸ್ತ್ರಿ ಹಾಕುತ್ತಿದ್ದಾರೆ. ಮರದ ಹಲಗೆಯ ಮೇಲೆ ಹಳೆಯ ಪತ್ರಿಕೆಯ ಹಾಳೆ, ಹಾಳೆಯ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ. ಪೆಟ್ಟಿಗೆ ನಿಧಾನವಾಗಿ ಮುಂದೆ ಹೋಗುತ್ತದೆ, ನಿಧಾನವಾಗಿ ಹಿಂದೆ ಬರುತ್ತದೆ. ಹಾಳೆಯ ಮೇಲೆ ಎಣ್ಣೆಯ ಕಲೆಯಂಥದ್ದು ಹರಡುತ್ತದೆ. ಅವರು ಅದನ್ನೆತ್ತಿ ಬೆಳಕಿಗೆ ಹಿಡಿದು ನೋಡುತ್ತಾರೆ, ಮುದುರಿ ಪಕ್ಕಕ್ಕೆ ಹಾಕುತ್ತಾರೆ, ಇನ್ನೊಂದು ಹಾಸುತ್ತಾರೆ. ಮುದುರಿದ ಹಾಳೆಗಳ ರಾಶಿ ಕೂತವರ ಭುಜದಷ್ಟು ಎತ್ತರಕ್ಕೆ ಬಂದಿದೆ.

‘ಇನ್ನೂ ಬರ್ತಾನೇ ಇದೆ’ ಎನ್ನುತ್ತಾರೆ, ಯಾರನ್ನೂ ಉದ್ದೇಶಿಸದೆ. ‘ಹಚ್ಚೋವಾಗ ಗಟಗಟ ಕುಡೀತು ಈ ಮರ. ಈಗ ವಾಪಸ್ ಕೊಡು ಅಂದ್ರೆ ಕೊಡಲ್ಲ ಅಂತದೆ.’

ಮರ ಕುಡಿದದ್ದು ಮೇಣ. ಹಚ್ಚಿದವರು ಇವರೇ.

ಹೆಸರು ಕೊನ್ಸೋರ್ಸಿಯಾ ತಬಿಯೋಲೊ. ಅರವತ್ತು ದಾಟಿದ್ದಾರೆ. ಇಡೀ ಊರಿಗೆ ‘ಮನಾಂಗ್ ಕೊನ್ಸಿಂಗ್’, ಕೊನ್ಸಿಂಗ್ ಅಕ್ಕ. ಈ ಮಂದಿರದ ನೆಲ ನೋಡಿಕೊಳ್ಳುವುದು ಅವರ ಕೆಲಸ. ಇಲ್ಲಿ ಮದುವೆಯೂ ಆಗುತ್ತದೆ, ಮಕ್ಕಳಿಗೆ ಲಸಿಕೆಯೂ ಹಾಕುತ್ತಾರೆ, ಸತ್ತವರ ಪೆಟ್ಟಿಗೆ ಇಟ್ಟು ಬಂಧುಬಳಗ ಇಸ್ಪೀಟಾಡುತ್ತ ಕಾವಲು ಕೂರುವುದೂ ಇಲ್ಲೇ. ಚಂಡಮಾರುತ ಬಂದರೆ ಕಡಲಂಚಿನ ಸಂಸಾರಗಳು ಹಂದಿಮರಿ ಸಮೇತ ಬಂದು ಇಳಿದುಕೊಳ್ಳುತ್ತವೆ. ಅವರು ಹೋದ ಮೇಲೆ ನೆಲವನ್ನು ಮತ್ತೆ ನೆಲ ಮಾಡುವವರು ಕೊನ್ಸಿಂಗ್. ದಿನಕ್ಕೆ ಮೂರು ಸಲ ಒರೆಸುತ್ತಾರೆ. ಮಂಡಿ ಚಿಪ್ಪುಗಳು ಕಪ್ಪಗೆ ದಪ್ಪಗಾಗಿವೆ. ಸೊಂಟ ನೇರ ಮಾಡುವ ಮೊದಲು ಒಂದು ಕೈಯನ್ನು ಗೋಡೆಗೆ ಕೊಡುತ್ತಾರೆ, ಗೋಡೆ ಇಲ್ಲದ ಕಡೆ ಕೂಡ ಆ ಕೈ ತಾನಾಗಿ ಚಾಚಿಕೊಳ್ಳುತ್ತದೆ.

ಇಷ್ಟು ವರ್ಷ ಇದ್ದದ್ದು ಸಿಮೆಂಟು ನೆಲ. ಅದಕ್ಕೆ ನೀರು, ಪೊರಕೆ, ರಟ್ಟೆ ಇದ್ದರಾಯಿತು. ಈ ವರ್ಷ ಊರಿನ ತಂಡಕ್ಕೆ ಪ್ರಾಂತ್ಯ ಲೀಗಿನಲ್ಲಿ ಜಾಗ ಸಿಕ್ಕಿತು. ಮರದ ಅಂಕಣ ಇಲ್ಲದೆ ಆಡಿಸುವುದಿಲ್ಲ ಎಂದರು ಲೀಗಿನವರು. ಊರಿನ ಕಚೇರಿ ಹಲಗೆ ತರಿಸಿ ಜೋಡಿಸಿತು. ಹಲಗೆಯ ಜೊತೆ ಬುದ್ಧಿ ಹೇಳುವವರು ಯಾರೂ ಬರಲಿಲ್ಲ.

ಕೊನ್ಸಿಂಗರಿಗೆ ಗೊತ್ತಿದ್ದ ಮರದ ನೆಲ ಒಂದೇ, ಹುಡುಗಿಯಾಗಿದ್ದಾಗ ಓದಿದ ಸಿಸ್ಟರುಗಳ ಶಾಲೆಯದು. ಶನಿವಾರ ಬಂದರೆ ಮಕ್ಕಳು ಮೇಣದಬತ್ತಿಯ ತುಂಡುಗಳನ್ನು ಸೀಮೆಎಣ್ಣೆಯಲ್ಲಿ ಕರಗಿಸಿ ನೆಲಕ್ಕೆ ಬಳಿಯಬೇಕು. ಆಮೇಲೆ ತೆಂಗಿನ ಸಿಪ್ಪೆಯ ಅರ್ಧ ಹೋಳನ್ನು ಪಾದದಡಿ ಇಟ್ಟುಕೊಂಡು, ಸೊಂಟ ತಿರುಗಿಸುತ್ತ ತಿಕ್ಕಬೇಕು. ತಪಸ್ಸುಕಾಲದಲ್ಲಿ ಹಾಡುವ ಯೇಸುವಿನ ಯಾತನೆಯ ಪದ್ಯಗಳನ್ನು ಒಬ್ಬಳು ಹೇಳಿಕೊಡುತ್ತಿದ್ದಳು. ಒಂದು ಸಾಲಿಗೆ ಕಾಲು ಆ ಕಡೆ, ಮುಂದಿನ ಸಾಲಿಗೆ ಈ ಕಡೆ. ಪದ್ಯ ಮುಗಿಯುವಷ್ಟರಲ್ಲಿ ನೆಲದಲ್ಲಿ ಮುಖ ಕಾಣುತ್ತಿತ್ತು.

‘ನಮಗೆ ಅದೇ ಆಟ, ಅದೇ ಕುಣಿತ, ಅದೇ ಪ್ರಾರ್ಥನೆ’ ಎನ್ನುತ್ತಾರೆ ಕೊನ್ಸಿಂಗ್, ಪೆಟ್ಟಿಗೆಯ ಕಾವನ್ನು ಒದ್ದೆ ಬೆರಳಿನಿಂದಲ್ಲ, ಕೆನ್ನೆಯ ಹತ್ತಿರ ಹಿಡಿದು ನೋಡುತ್ತ. ‘ಯಾರೂ ಬಿದ್ದಿದ್ದು ನೆನಪಿಲ್ಲ. ಸಿಸ್ಟರ್ ಓಡೋಕೇ ಬಿಡ್ತಿರಲಿಲ್ಲವಲ್ಲ.’

ಫೈನಲ್ ಐದು ಪಂದ್ಯಗಳದ್ದು, ಮೂರು ಗೆದ್ದವರಿಗೆ ಕಪ್. ಎದುರಾಳಿ ಸಕ್ಕರೆ ಕಾರ್ಖಾನೆಯ ಊರು ದುಲಾಂಗಾನ್. ಮೂರು ಪಂದ್ಯ ಮುಗಿದಾಗ ಸಾನ್ ರೋಕೆ ಎರಡು ಗೆದ್ದಿತ್ತು. ನಾಲ್ಕನೆಯದು ಶುಕ್ರವಾರ, ಇದೇ ಅಂಕಣದಲ್ಲಿ. ಹಿಂದಿನ ದಿನವಷ್ಟೇ ಊರಿನ ಸಂತ ರೋಕೆಯ ನೊವೆನಾ, ಒಂಬತ್ತು ದಿನಗಳ ಪ್ರಾರ್ಥನೆ, ಮುಗಿದಿತ್ತು. ಒಂಬತ್ತು ದಿನ ಉರಿದ ಹರಕೆಯ ಬತ್ತಿಗಳ ತುಂಡುಗಳನ್ನು ಇಗರ್ಜಿಯ ಕೆಲಸ ನೋಡಿಕೊಳ್ಳುವ ಮೆಲೆಸ್ಯೊ ಡಬ್ಬಿಯಲ್ಲಿ ತುಂಬಿಟ್ಟಿದ್ದರು. ಕೊನ್ಸಿಂಗ್ ಹೋಗಿ ಕೇಳಿದರು. ಮೆಲೆಸ್ಯೊ ಅವರ ಸೋದರಮಾವನ ಮಗ, ಇಲ್ಲ ಎನ್ನಲಿಲ್ಲ.

‘ಪಂದ್ಯ ಮೊಬೈಲಲ್ಲಿ ಬರುತ್ತಂತೆ, ದುಬೈಯಲ್ಲಿ ಮನೆಕೆಲಸಕ್ಕಿರೋ ನಮ್ಮ ಹುಡುಗೀರೂ ನೋಡ್ತಾರಂತೆ’ ಎನ್ನುತ್ತಾರೆ ಅವರು. ‘ನೆಂಟರು ಬರೋ ದಿನ ನೆಲ ಹೊಳೀಬೇಡ್ವಾ? ಅಷ್ಟೇ ನನ್ನ ತಲೇಲಿದ್ದಿದ್ದು. ಸಂತನ ಮುಂದೆ ಉರಿದ ಮೇಣ, ಒಳ್ಳೇದೂ ಆಗಲಿ ಅಂತ.’

ಮೇಣ ಇಡೀ ಅಂಕಣಕ್ಕೆ ಸಾಲಲಿಲ್ಲ. ಕಡಲ ಕಡೆಯ ಬುಟ್ಟಿಯ ಕೆಳಗಷ್ಟೇ ಬಳಿದರು, ತಿಕ್ಕಿದರು, ಹಳೆಯ ಪದ್ಯವನ್ನೂ ಹೇಳಿಕೊಂಡರು. ಆ ಸಂಜೆ ದ್ವಿತೀಯಾರ್ಧದಲ್ಲಿ ಸಾನ್ ರೋಕೆಯ ಹುಡುಗರು ಆ ಬುಟ್ಟಿಗೇ ನುಗ್ಗಬೇಕಿತ್ತು. ಮೊದಲು ಏನಾಯಿತೆಂದು ಕೊನ್ಸಿಂಗರಿಗೆ ಕಿವಿಯಲ್ಲಿ ತಿಳಿಯಿತು. ಒಳ್ಳೆಯ ನೆಲದ ಮೇಲೆ ಆಟಗಾರರ ಬೂಟು ಕೀಚ್ ಕೀಚ್ ಎನ್ನುತ್ತಲೇ ಇರುತ್ತದೆ. ಆ ತುದಿಗೆ ಬಂದಾಗಲೆಲ್ಲ ಬೂಟು ಸುಮ್ಮನಾಗುತ್ತಿತ್ತು. ತಂಡದ ಜೀವಾಳ ಜೆಸ್ರೀಲ್, ಮೀನು ಮಾರುವವಳ ಮಗ, ಚೆಂಡು ಹಿಡಿದು ಬಂದು ಗಕ್ಕನೆ ನಿಂತು ತಿರುಗಲು ನೋಡಿದ. ಮೈ ನಿಂತಿತು, ಕಾಲು ನಿಲ್ಲಲಿಲ್ಲ.

ಮಂಡಿಯೊಳಗಿನ ನಾರು ಹರಿದಿತ್ತು. ಪಂದ್ಯ ದುಲಾಂಗಾನ್ ಪಾಲಾಯಿತು. ಎರಡಕ್ಕೆ ಎರಡು.

ಅಂಕಣದ ಸುತ್ತ ನಿಂತ ಅಧಿಕಾರಿಗಳು ತೇವದ ಮೇಲೆ ತಪ್ಪು ಹೊರಿಸಿದರು. ಕಡಲ ಗಾಳಿ, ಆಗಸ್ಟ್ ತಿಂಗಳು, ನೆಲ ಬೆವರಿದೆ ಎಂದರು. ಇಂಥ ಮಂದಿರಗಳಲ್ಲಿ ನೆಲ ಬೆವರುವುದು ಹೊಸದೂ ಅಲ್ಲ. ಸುಮ್ಮನಿದ್ದಿದ್ದರೆ ಮುಗಿದುಹೋಗುತ್ತಿತ್ತು. ಬಕೆಟ್ಟು ಹಿಡಿದ ಹೆಂಗಸು ಗುಂಪಿನ ಹಿಂದಿನಿಂದ, ‘ಬೆವರಲ್ಲ ಸರ್. ಮೇಣ. ನಾನೇ ಹಚ್ಚಿದ್ದು’ ಎಂದರು.

‘ಆಮೇಲೆ ಎಲ್ಲರೂ ಒಟ್ಟಿಗೆ ಬೈದರು’ ಎಂದು ನೆನೆಯುತ್ತಾರೆ. ‘ಒಟ್ಟಿಗೆ ಬೈದದ್ದು ಒಳ್ಳೇದೇ ಆಯ್ತು, ಯಾರದೂ ಸರಿಯಾಗಿ ಕೇಳಿಸ್ಲಿಲ್ಲ.’

ಲೀಗಿನ ಮಾತು ಒಂದೇ: ಭಾನುವಾರ ಮಧ್ಯಾಹ್ನ ತಪಾಸಣೆ. ಬೂಟು ಜಾರಿದರೆ ಅಂದಿನ ಕೊನೆಯ ಪಂದ್ಯ ದುಲಾಂಗಾನಿನ ಅಂಕಣಕ್ಕೆ ಹೋಗುತ್ತದೆ. ನಗರದಿಂದ ಉಜ್ಜುವ ಯಂತ್ರ ಬರುವುದು ಸೋಮವಾರಕ್ಕೆ. ‘ಹಚ್ಚಿದೋರೇ ತೆಗೀಲಿ’ ಎಂದು ಯಾರೋ ಸಿಟ್ಟಿನಲ್ಲಿ ಅಂದರು. ಕೊನ್ಸಿಂಗ್ ಅದನ್ನು ಅಪ್ಪಣೆ ಎಂದೇ ತೆಗೆದುಕೊಂಡರು. ಶನಿವಾರವಿಡೀ ಕರಟದ ಅಂಚಿನಿಂದ ಕೆರೆದರು, ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿದರು. ಹಲಗೆಯ ಸಂದಿನಲ್ಲಿ ಉಳಿದದ್ದಕ್ಕೆ ಈಗ ಇಸ್ತ್ರಿ. ಪೂಜೆಯ ಬಟ್ಟೆಯ ಮೇಲೆ ಮೇಣ ಬಿದ್ದಾಗ ಇಗರ್ಜಿಯಲ್ಲಿ ಹೀಗೇ ತೆಗೆಯುವುದು.

ಪೂಜೆ ಮುಗಿಸಿ ಮೆಲೆಸ್ಯೊ ಬರುತ್ತಾರೆ, ಒಂದು ಕೈಯಲ್ಲಿ ಕಾಫಿ, ಇನ್ನೊಂದರಲ್ಲಿ ಬಿಸಿ ಬನ್ನಿನ ಪೊಟ್ಟಣ.

‘ತಿನ್ನು. ಕೈ ತೊಳೀಬೇಡ ಮತ್ತೆ.’

‘ಗೊತ್ತು ಮನೊಂಗ್’ ಎನ್ನುತ್ತಾರೆ ಕೊನ್ಸಿಂಗ್, ಅಣ್ಣ ಎನ್ನುವ ಹಾಗೆ.

ಇಸ್ತ್ರಿ ಹಿಡಿದ ಕೈ ಅದೇ ದಿನ ನೀರು ಮುಟ್ಟಬಾರದು. ಮುಟ್ಟಿದರೆ ನರಗಳಿಗೆ ಥಂಡಿ ಹೊಕ್ಕು ಕೈ ನಡುಕ ಶುರುವಾಗುತ್ತದೆ. ಇದು ಇಲ್ಲಿ ತೊಟ್ಟಿಲ ಮಗುವಿಗೂ ಗೊತ್ತು. ಕೊನ್ಸಿಂಗ್ ಮಸಿ ಹತ್ತಿದ ಬೆರಳುಗಳಿಗೆ ತಾಗದಂತೆ ಪೊಟ್ಟಣದಿಂದ ಹರಿದ ಕಾಗದದ ಚೂರಿನಿಂದಲೇ ಬನ್ನು ಹಿಡಿದು ತಿನ್ನುತ್ತಾರೆ.

ಬಾಗಿಲಲ್ಲಿ ಊರುಗೋಲಿನ ಸದ್ದು. ಜೆಸ್ರೀಲ್. ಪ್ಯಾಂಟಿನ ಒಂದು ಕಾಲನ್ನು ಮೇಲಕ್ಕೆ ಸುತ್ತಿದ್ದಾನೆ, ಮಂಡಿಗೆ ದಪ್ಪ ಪಟ್ಟಿ. ಬಂದವನು ಬೆಂಚಿನ ಮೇಲೆ ಕಾಲು ಚಾಚಿ ಕೂರುತ್ತಾನೆ. ಮೆಲೆಸ್ಯೊಗೆ ಬಾಯಿ ಸುಮ್ಮನಿರುವುದಿಲ್ಲ.

‘ನೋಡು ಕೊನ್ಸಿಂಗ್, ಥೇಟ್ ನಮ್ಮ ಇಗರ್ಜೀಲಿರೋ ಸಂತ ರೋಕೆ ಮೂರ್ತಿ. ಬಟ್ಟೆ ಎತ್ತಿ ಕಾಲಿನ ಗಾಯ ತೋರಿಸ್ಕೊಂಡು ಕೂತಿದ್ದಾನೆ. ರೊಟ್ಟಿ ತಂದ್ಕೊಡೋ ನಾಯಿ ಒಂದು ಕಮ್ಮಿ.’

ಹುಡುಗ ಮೆಲೆಸ್ಯೊರ ಕೈಯಲ್ಲಿದ್ದ ಬನ್ನಿನ ಪೊಟ್ಟಣ ನೋಡುತ್ತಾನೆ. ‘ಕಮ್ಮಿ ಎಲ್ಲಿ ಮನೊಂಗ್? ಬಂದಿದೆಯಲ್ಲ.’

ಮೆಲೆಸ್ಯೊ ನಕ್ಕು, ಪೊಟ್ಟಣವನ್ನು ಅವನ ಮಡಿಲಿಗೆ ಹಾಕಿ ಹೊರಟುಹೋಗುತ್ತಾರೆ. ಅವರು ಹೋದ ಮೇಲೆ ಮಂದಿರದಲ್ಲಿ ಪೆಟ್ಟಿಗೆ ಹಾಳೆಯ ಮೇಲೆ ಸರಿಯುವ ಸದ್ದೊಂದೇ.

‘ಮನಿಲಾದಿಂದ ಬರ್ತಾರೆ ಇವತ್ತು, ದೊಡ್ಡ ಲೀಗಿನವರು’ ಎನ್ನುತ್ತಾನೆ ಜೆಸ್ರೀಲ್. ‘ವಿಮಾನದ ಟಿಕೆಟ್ ತೆಗೆದಾಗಿತ್ತಂತೆ. ನನ್ನ ಆಟ ನೋಡೋಕೆ ಅಂತ. ಈಗ ಬೆಂಚ್ ಮೇಲೆ ಕೂತಿರೋದು ನೋಡ್ಕೊಂಡು ಹೋಗ್ತಾರೆ.’

ಕೊನ್ಸಿಂಗ್ ಹಾಳೆ ಬದಲಿಸುತ್ತಾರೆ.

‘ಸಿಟ್ಟಿಲ್ಲ ಅಂತ ಹೇಳೋಕೆ ಬಂದಿಲ್ಲ ನಾನು. ಇದೆ.’

‘ಇರ್ಲಿ. ಇರ್ಬೇಕು.’

‘ಎಷ್ಟು ಬತ್ತಿ ಕರಗಿಸಿದ್ರಿ?’

‘ನೊವೆನಾದ್ದು ಎಲ್ಲಾ.’ ಪೆಟ್ಟಿಗೆ ನಿಲ್ಲುತ್ತದೆ. ‘ನಿಮ್ಮಮ್ಮ ದಿನಾ ಬಂದು ನಿನ್ನ ಹೆಸರಲ್ಲೊಂದು ಹಚ್ತಿದ್ಲು ಮಗಾ, ತೊತೊ. ಗೆದ್ದು ಬರ್ಲಿ ಅಂತ. ಅದೂ ಇತ್ತು ಇದ್ರೊಳಗೆ.’

ಬೇಡವೆಂದರೂ ಹುಡುಗನಿಗೆ ಮೂಗಿನಲ್ಲಿ ನಗು ಬರುತ್ತದೆ.

‘ಅಮ್ಮಂಗೆ ಹೇಳ್ಬೇಡಿ’ ಎನ್ನುತ್ತಾನೆ.

ಆಮೇಲೆ ಊರುಗೋಲು ಊರಿ ಎದ್ದು, ಸರಿಯಿರುವ ಕಾಲಿನ ಬೂಟನ್ನು ಹಲಗೆಗೆ ಒತ್ತಿ ಎಳೆಯುತ್ತಾನೆ. ಕೀಚ್ ಎನ್ನುತ್ತದೆ. ಇನ್ನೊಂದು ಹಲಗೆ, ಮತ್ತೆ ಕೀಚ್. ಬಿಳಿ ಗೆರೆಯ ಹತ್ತಿರ ಸದ್ದಿಲ್ಲ. ‘ಇಲ್ಲಿದೆ ಇನ್ನೂ’ ಎನ್ನುತ್ತಾನೆ. ಕೊನ್ಸಿಂಗ್ ಮಂಡಿಯಲ್ಲೇ ಸರಿದು ಬಂದು ಅಲ್ಲಿ ಹಾಳೆ ಹಾಸುತ್ತಾರೆ. ಒಂದು ಕಾಲಿನವನು ಹಲಗೆ ಹಲಗೆಯನ್ನೂ ಕೇಳಿಸಿಕೊಳ್ಳುತ್ತ ಮುಂದೆ, ಅವನು ತೋರಿಸಿದಲ್ಲಿಗೆ ಪೆಟ್ಟಿಗೆ ಎಳೆದುಕೊಂಡು ಇವರು ಹಿಂದೆ.

ಮಧ್ಯಾಹ್ನ ಲೀಗಿನ ತಪಾಸಣೆಯವರು ಬಂದು, ಬೂಟು ಹಾಕಿ, ಓಡಿ ಬಂದು ಗಕ್ಕನೆ ನಿಲ್ಲುತ್ತಾರೆ. ನಾಲ್ಕಾರು ಕಡೆ ಹೀಗೇ. ಪ್ರತಿ ಸಲವೂ ನೆಲ ಕೂಗುತ್ತದೆ. ‘ಆಡಿಸಿ’ ಎಂದು ಸಹಿ ಹಾಕಿ ಊಟಕ್ಕೆ ಹೋಗುತ್ತಾರೆ.

ಆದರೆ ಸೀಮೆಎಣ್ಣೆಯ ವಾಸನೆ, ಮಸಿ, ಧೂಳು. ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸದೆ ಆಟಕ್ಕೆ ಬಿಡುವ ಹಾಗಿಲ್ಲ. ಕೊನ್ಸಿಂಗ್ ಬಕೆಟ್ಟಿನ ಮುಂದೆ ನಿಂತು ಒಂದು ಕ್ಷಣ ತಮ್ಮ ಕೈಗಳನ್ನು ನೋಡಿಕೊಳ್ಳುತ್ತಾರೆ. ಶಿಲುಬೆಯ ಗುರುತು ಮಾಡಿ ಎರಡನ್ನೂ ನೀರಿಗಿಳಿಸುತ್ತಾರೆ.

ನಾಲ್ಕು ಗಂಟೆಗೆ ಪಂದ್ಯ. ಮಂದಿರ ತುಂಬಿ, ಕಿಟಕಿಯ ಸರಳುಗಳಿಗೂ ಜನ ಜೋತಿದ್ದಾರೆ. ಕೊನ್ಸಿಂಗ್ ಕಡಲ ಕಡೆಯ ಬುಟ್ಟಿಯ ಹಿಂದೆ, ಚಿಕ್ಕ ಮಣೆಯ ಮೇಲೆ, ಬೆವರೊರೆಸುವ ಬಟ್ಟೆ ಹಿಡಿದು ಕೂತಿದ್ದಾರೆ. ಅವರು ಚೆಂಡು ನೋಡುವುದಿಲ್ಲ. ಕಣ್ಣು ಅರ್ಧ ಮುಚ್ಚಿದೆ. ಬೂಟುಗಳ ಸದ್ದನ್ನು ಮಾತ್ರ ಕೇಳುತ್ತಾರೆ, ಪದ್ಯ ಒಪ್ಪಿಸುವ ಮಗು ಎಲ್ಲಿ ತಪ್ಪುತ್ತದೋ ಎಂದು ಕಿವಿಗೊಟ್ಟವರ ಹಾಗೆ. ಎರಡನೆಯ ಅವಧಿಯಲ್ಲಿ ದುಲಾಂಗಾನಿನ ಉದ್ದನೆಯ ಹುಡುಗನೊಬ್ಬ ದಢಾರನೆ ಬೀಳುತ್ತಾನೆ. ಇಡೀ ಮಂದಿರದ ತಲೆಗಳು ಕೊನ್ಸಿಂಗರ ಕಡೆ ತಿರುಗುತ್ತವೆ. ರೆಫರಿ ಸೀಟಿ ಊದಿ, ಮೊಣಕೈ ತಾಗಿಸಿದವನ ಕಡೆ ಬೆರಳು ಮಾಡುತ್ತಾರೆ. ಇವರು ಹೋಗಿ ಹಲಗೆ ಮುಟ್ಟಿ ನೋಡುತ್ತಾರೆ. ಬರೀ ಬೆವರು. ಒರೆಸಿ ಬಂದು ಕೂರುತ್ತಾರೆ.

ಕೊನೆಯ ಗಳಿಗೆ. ಸಾನ್ ರೋಕೆ ಎರಡು ಅಂಕ ಹಿಂದೆ. ಜೆಸ್ರೀಲನ ಜಾಗದಲ್ಲಿ ಆಡುತ್ತಿರುವವನು ಎಸೆದ ಚೆಂಡು ಕಬ್ಬಿಣದ ಬಳೆಯ ಮೇಲೆ ಎರಡು ಸುತ್ತು ಸುತ್ತಿ ಹೊರಕ್ಕೆ ಬೀಳುತ್ತದೆ. ಗಂಟೆ. ದುಲಾಂಗಾನಿನವರು ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಾರೆ. ಊರವರು ಕೂತಲ್ಲೇ ಕೂತಿದ್ದಾರೆ. ಸೋಲಿಗೆ ಒಂದು ಹೆಸರು ಬೇಕು ಎಂಬಂತೆ ಕಣ್ಣುಗಳು ಅತ್ತಿತ್ತ ಹುಡುಕುತ್ತವೆ.

ರೇಡಿಯೊದವನೊಬ್ಬ ಮೈಕು ಹಿಡಿದು ನೇರ ಜೆಸ್ರೀಲನ ಬೆಂಚಿಗೆ ಹೋಗುತ್ತಾನೆ. ಮಾತು ಧ್ವನಿವರ್ಧಕದಲ್ಲಿ ಮಂದಿರದ ನಾಲ್ಕೂ ಮೂಲೆಗೆ ಕೇಳುತ್ತದೆ.

‘ನೆಲದ ತೊಂದರೆ ಇವತ್ತೂ ಇತ್ತು ಅನ್ನಿಸುತ್ತಾ?’

ಹುಡುಗ ಪಟ್ಟಿ ಕಟ್ಟಿದ ಮಂಡಿಯನ್ನೊಮ್ಮೆ ಸವರಿಕೊಳ್ಳುತ್ತಾನೆ. ‘ನೆಲಕ್ಕೇನಾಗಿದೆ? ನೆಲ ಸರಿಯಾಗೇ ಇತ್ತು. ಅವರು ಚೆನ್ನಾಗಿ ಆಡಿದ್ರು.’

ಕೊನ್ಸಿಂಗ್ ಆಗ ಅಂಕಣದ ನಡುವೆ, ಯಾರೋ ಚೆಲ್ಲಿದ ಶರಬತ್ತು ಒರೆಸುತ್ತಿದ್ದಾರೆ. ತಲೆ ಎತ್ತುವುದಿಲ್ಲ. ಒರೆಸಿದ ಜಾಗವನ್ನೇ ಇನ್ನೊಮ್ಮೆ ಒರೆಸುತ್ತಾರೆ.

ಜನ ಚದುರುತ್ತಾರೆ. ಹೊರಗೆ ಇನ್ನೂ ಬೆಳಕಿದೆ, ಕಡಲ ಮೇಲೆ ಸಂಜೆಯ ಕೆಂಪು. ಕೊನ್ಸಿಂಗ್ ಕೆಳಗಿನ ಮೆಟ್ಟಿಲಲ್ಲಿ ಕೂತು ಕಾಲು ನೀಡುತ್ತಾರೆ. ಮಡಿಲಲ್ಲಿಟ್ಟ ಕೈಗಳು ತಮ್ಮಷ್ಟಕ್ಕೆ ನಡುಗುತ್ತಿವೆ. ಮೆಲೆಸ್ಯೊ ಕಾಫಿಯ ಲೋಟವನ್ನು ಅವರ ತುಟಿಗೇ ಹಿಡಿಯುತ್ತಾರೆ, ‘ಹೇಳಿದ್ದೆ, ಕೇಳಿದ್ಯಾ?’ ಎಂದು ಗೊಣಗುತ್ತ. ನಾಳೆ ಬೆಳಿಗ್ಗೆ ಇಲ್ಲಿ ಮಕ್ಕಳಿಗೆ ಲಸಿಕೆ. ಅಷ್ಟರೊಳಗೆ ಕುರ್ಚಿ ಎತ್ತಿಡಬೇಕು, ಕಡಲೆಕಾಯಿ ಸಿಪ್ಪೆ ಗುಡಿಸಬೇಕು.

ಇಷ್ಟೆಲ್ಲ ಆದ ಮೇಲೆ ಇನ್ನೇನು ಬೇಕು ಮನಾಂಗ್ ಎಂದು ಕೇಳಿದರೆ, ಮತ್ತೊಂದು ಗುಟುಕು ಕಾಫಿ ಕುಡಿಯುತ್ತಾರೆ.

‘ಇಷ್ಟು ವರ್ಷ ಇಲ್ಲಿ ಯಾರೂ ನೆಲ ನೋಡಿರ್ಲಿಲ್ಲ’ ಎನ್ನುತ್ತಾರೆ. ‘ನೆಲ ನೋಡಿದ್ರು ಅಂದ್ರೆ ಯಾರೋ ಬಿದ್ದಿದ್ದಾರೆ ಅಂತ. ಮೊನ್ನೆಯಿಂದ ಊರಿಗೆ ಊರೇ ನೋಡ್ತು.’ ಖಾಲಿ ಅಂಕಣದ ಕಡೆ ಗಲ್ಲ ತೋರಿಸುತ್ತಾರೆ. ‘ಆ ಕೊನೇ ಚೆಂಡು ಹೋಗ್ತಿತ್ತಲ್ಲ, ಆಗ ನಾನೊಬ್ಳೇ ತಿರುಗಿ ಜನರ ಮುಖ ನೋಡ್ದೆ. ಎಲ್ಲರೂ ಬುಟ್ಟೀನೇ ನೋಡ್ತಿದ್ರು.’