ಮೋಕ್ಷಿಯ ಕಿವಿಯ ಹಿಂದಿನ ಗಂಟು

ಕೊರೊನಾ ಮುಗಿದು ಅಂಗನವಾಡಿಗಳ ಬೀಗ ತೆಗೆದ ವರ್ಷ ನಾನು ಶಿಡ್ಲಘಟ್ಟದ ಒಂದು ಕೇಂದ್ರದಲ್ಲಿ ಕಾರ್ಯಕರ್ತೆಯಾಗಿದ್ದೆ. ಕೆಲಸಕ್ಕೆ ಸೇರಿ ಇಪ್ಪತ್ತೊಂಬತ್ತು ವರ್ಷ, ನಿವೃತ್ತಿಗೆ ಇನ್ನೆರಡು. ಮಕ್ಕಳ ತೂಕ, ಎತ್ತರ, ತೋಳಿನ ಸುತ್ತಳತೆ ಅಳೆದು ಫೋನಿನ ಆ್ಯಪ್‌ಗೆ ತುಂಬುವುದು ನಮ್ಮ ದಿನಚರಿ. ಆ ಆ್ಯಪ್‌ನಲ್ಲಿ ಕೂದಲಿಗೆ ಕಾಲಂ ಇರಲಿಲ್ಲ. ಇದ್ದಿದ್ದರೆ ಮೋಕ್ಷಿತಳ ಹೆಸರಿನ ಮುಂದೆ ಏನು ಬರೆಯಬೇಕಿತ್ತೋ ದೇವರೇ ಬಲ್ಲ.

ಮೋಕ್ಷಿತ, ಎಲ್ಲರ ಬಾಯಲ್ಲಿ ಮೋಕ್ಷಿ, ಎರಡೂ ಮುಕ್ಕಾಲು ವರ್ಷದ ಹುಡುಗಿ. ಮೂರು ತುಂಬದ ಮಕ್ಕಳನ್ನು ಕೂರಿಸಿಕೊಳ್ಳುವ ನಿಯಮವಿಲ್ಲ. ಆದರೆ ಅವಳ ತಾಯಿ ಮಮತ ರೇಷ್ಮೆಗೂಡಿನಿಂದ ನೂಲು ತೆಗೆಯುವ ಘಟಕದಲ್ಲಿ ಬೆಳಗಿನಿಂದ ದುಡಿಯುವವಳು. ಗಂಡನದೂ ಅಲ್ಲೇ ಕೆಲಸ. ಮನೆಯಲ್ಲಿ ನೋಡಿಕೊಳ್ಳಲು ಬೇರೆ ಜೀವ ಇರಲಿಲ್ಲ. ಹಾಗಾಗಿ ನಾನು ಕಂಡೂ ಕಾಣದವಳಂತೆ ಇಟ್ಟುಕೊಂಡಿದ್ದೆ.

ಮಗುವಿಗೆ ಭುಜದವರೆಗೆ ಗುಂಗುರು ಕೂದಲು. ನೋಡಲು ಚೆಂದ, ಮುಟ್ಟಿದರೆ ರಾಮಾಯಣ. ಬೆಳಿಗ್ಗೆ ಬಾಚಿ ಕಳಿಸಿದ್ದು ಮಧ್ಯಾಹ್ನದ ಹೊತ್ತಿಗೆ ಸಿಕ್ಕುಗಟ್ಟಿರುತ್ತಿತ್ತು. ಅನ್ನದ ಅಗುಳು, ಬಳಪದ ಚೂರು, ಚಾಪೆಯ ಎಳೆ, ಎಲ್ಲವೂ ಅದರೊಳಗೆ. ನಾನು ಇಬ್ಬರು ಮಕ್ಕಳನ್ನು ಸಾಕಿದವಳು, ನನಗೇನು ಗೊತ್ತಿಲ್ಲ ಎಂದು ಬಾಚಣಿಗೆ ಹಿಡಿದು ಕೂತೆ. ಒಣ ಕೂದಲಿಗೆ ಬುಡದಿಂದಲೇ ಬಾಚಣಿಗೆ ಹಾಕಿ ಎಳೆದೆ. ಮಗು ಕಿಟಾರನೆ ಕಿರುಚಿ ನನ್ನ ಹೆಬ್ಬೆರಳನ್ನು ಕಚ್ಚಿತು. ಬಾಚಣಿಗೆಯ ಎರಡು ಹಲ್ಲು ಮುರಿದವು.

ಎಣ್ಣೆ ಹಾಕಿದೆ, ಅಂಟು ಹೆಚ್ಚಾಯಿತು. ಟೇಪು ಕಟ್ಟಿದೆ, ಟೇಪೇ ಒಳಗೆ ಮಾಯವಾಯಿತು. ಕಥೆ ಹೇಳಿದೆ, ಬಾಳೆಹಣ್ಣು ಕೊಟ್ಟೆ, ಗದರಿಸಿದೆ. ಕೊನೆಕೊನೆಗೆ ನಾನು ಟೇಬಲ್ಲಿನ ಡ್ರಾಯರ್ ಎಳೆದರೆ ಸಾಕು, ಮಗು ಗೋಣಿಚೀಲಗಳ ಹಿಂದೆ ಓಡಿ ಅವಿತುಕೊಳ್ಳುತ್ತಿತ್ತು. ಅಯ್ಯೋ, ಮಕ್ಕಳು ನನ್ನನ್ನು ಕಂಡು ಹೆದರಿದ್ದು ನನ್ನ ಸರ್ವಿಸ್ಸಿನಲ್ಲಿ ಅದೇ ಮೊದಲು. ನಾಚಿಕೆಯಾಯಿತು.

"ಇದನ್ನ ಒಂದ್ಸಲ ಬೋಳಿಸ್ಬಿಡಮ್ಮ, ಪಾಪ ಮಗೀಗೂ ಹಗುರ ಆಗುತ್ತೆ" ಎಂದು ಮಮತಳಿಗೆ ಹೇಳಿದೆ.

"ಇನ್ನೂ ಮುಡಿ ತೆಗ್ಸಿಲ್ಲ ಟೀಚರ್. ಮೂರು ತುಂಬ್ಲಿ" ಎಂದಳು.

ಮುಡಿ ಎಂದರೆ ಹುಟ್ಟುಗೂದಲನ್ನು ದೇವರಿಗೆ ಕೊಡುವುದು. ಮಗುವನ್ನು ಸೋದರಮಾವ, ಅಂದರೆ ತಾಯಿಯ ಅಣ್ಣನೋ ತಮ್ಮನೋ, ತೊಡೆಯ ಮೇಲೆ ಕೂರಿಸಿಕೊಳ್ಳಬೇಕು. ಮೊದಲ ಕತ್ತರಿ ಅಲ್ಲಿಯೇ ಬೀಳಬೇಕು. ನನ್ನ ಮಕ್ಕಳಿಗೂ ಹಾಗೇ ಆಗಿದೆ. ಮೂರು ತಿಂಗಳು ತಾನೇ ಎಂದು ಸುಮ್ಮನಾದೆ.

ಆದರೆ ಒಂದು ವಾರದಲ್ಲಿ ಎಡಗಿವಿಯ ಹಿಂದೆ ನಿಂಬೆಹಣ್ಣಿನ ಗಾತ್ರದ ಗಂಟು ಕಟ್ಟಿತು. ಹತ್ತಿರ ಹೋದರೆ ವಾಸನೆ. ಒಂದು ಮಧ್ಯಾಹ್ನ ಮಗು ಮಲಗಿದ್ದಾಗ ಮೆಲ್ಲಗೆ ಎತ್ತಿ ನೋಡಿದೆ. ಬುಡದಲ್ಲಿ ಹುಣ್ಣಾಗಿ ಕೀವು ಕೂತಿತ್ತು. ಗಂಟು ಬಿಡಿಸದೆ ಮುಲಾಮು ಹಚ್ಚುವಂತಿರಲಿಲ್ಲ, ಎಳೆದರೆ ಹುಣ್ಣು ಕಿತ್ತು ಬರುತ್ತಿತ್ತು. ಪ್ರಥಮ ಚಿಕಿತ್ಸೆ ಪೆಟ್ಟಿಗೆಯಿಂದ ಕತ್ತರಿ ತೆಗೆದೆ.

ನಮ್ಮ ಸಹಾಯಕಿ ಶಾಹೀನಮ್ಮ, ನನ್ನದೇ ವಯಸ್ಸಿನವರು, ಪಾತ್ರೆ ತೊಳೆಯುತ್ತಿದ್ದವರು ಎದ್ದು ಬಂದರು. "ಟೀಚರ್, ಅವ್ರಮ್ಮನ್ನ ಒಂದ್ ಮಾತು ಕೇಳ್ಬಿಡಿ. ಫೋನ್ ಮಾಡಿ."

"ಘಟಕದಲ್ಲಿ ಫೋನ್ ಎತ್ತಲ್ಲ ಅವ್ಳು. ಒಂದ್ ಗಂಟು ತಾನೇ ಶಾಹೀನಮ್ಮ, ಬೋಳಿಸ್ತಾ ಇದೀನಾ?" ಎಂದೆ.

ಗಂಟು ಕೈಗೆ ಬಂತು. ಹುಣ್ಣು ತೊಳೆದು ಮುಲಾಮು ಹಚ್ಚಿದೆ. ಮಗು ಏಳಲೇ ಇಲ್ಲ. ತಲೆಗೂದಲಿನೊಂದಿಗೆ ವಾರಗಟ್ಟಲೆ ಸೆಣಸಿದ್ದವಳಿಗೆ ಅಂದು ಗೆದ್ದಂತೆ ಅನ್ನಿಸಿತು. ಸಂಜೆ ಮಮತ ಬಂದಾಗ ಕಾಗದದಲ್ಲಿ ಸುತ್ತಿಟ್ಟ ಗಂಟನ್ನು ಜಂಬದಿಂದಲೇ ತೋರಿಸಿದೆ.

ಅವಳು ಬೈಯಲಿಲ್ಲ. ಕಾಗದವನ್ನು ಇಸಿದುಕೊಂಡು ಸೆರಗಿಗೆ ಕಟ್ಟಿದಳು, ಮಗುವನ್ನು ಸೊಂಟಕ್ಕೆ ಏರಿಸಿದಳು, ಹೋದಳು. ಮಾರನೆಯ ದಿನ ಮಗು ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ನಾಲ್ಕನೆಯ ದಿನ ನಾನೇ ಮನೆ ಹುಡುಕಿಕೊಂಡು ಹೋದೆ.

ಮಮತ ಕೆಲಸಕ್ಕೆ ರಜೆ ಹಾಕಿ ಕೂತಿದ್ದಳು. ಕೇಳಿದ್ದಕ್ಕೆ ಕಣ್ಣೀರು ಒರೆಸಿಕೊಂಡು ಹೇಳಿದಳು. ಅವಳ ಮದುವೆ ಅಣ್ಣನಿಗೆ ಇಷ್ಟವಿಲ್ಲದೆ ಆದದ್ದು. ಅಪ್ಪ ಮೊದಲೇ ಇಲ್ಲ. ಅಮ್ಮ ಸಾಯುವ ಮುಂಚೆ ಮಗನ ಕೈ ಹಿಡಿದು ಮಾತು ತೆಗೆದುಕೊಂಡಿದ್ದರಂತೆ: ತಂಗಿಯ ಮಗುವಿನ ಮೊದಲ ಕೂದಲು ನಿನ್ನ ತೊಡೆಯ ಮೇಲೆ ಬೀಳಬೇಕು ಎಂದು. ಆತ ಒಪ್ಪಿದ್ದ. ಅದೊಂದು ದಿನಕ್ಕೆ ಬರ್ತೀನಿ, ಬೇರೆ ಯಾತಕ್ಕೂ ಕರೀಬೇಡ ಎಂದಿದ್ದ.

"ತವರು ಅಂತ ನಂಗಿದ್ದಿದ್ದು ಆ ಕೂದ್ಲೊಂದೇ ಟೀಚರ್" ಎಂದಳು.

ಬಾಗಿಲಲ್ಲಿ ನಿಂತಿದ್ದ ಮಗುವಿನ ಹುಣ್ಣು ಒಣಗಿ ಚಕ್ಕೆ ಎದ್ದಿತ್ತು. ಅದನ್ನು ನೋಡಿಯೂ ಸಮಾಧಾನವಾಗಲಿಲ್ಲ. ನಿನ್ನ ಅಣ್ಣನನ್ನು ನಾನೇ ಹೋಗಿ ಕರೆದು ಬರುತ್ತೇನೆ, ನೀನು ಅಳಬೇಡ ಎಂದೆ. ಅವಳ ಮುಖ ಅರಳಿತು.

"ಅವ್ನು ಕೇಳಿದ್ರೆ ಕತ್ತರಿ ಹಾಕಿಲ್ಲ ಅಂದ್ಬಿಡಿ ಟೀಚರ್. ಒಂದು ಕುಚ್ಚು, ಅವನಿಗೆಲ್ಲಿ ಕಾಣುತ್ತೆ? ದಮ್ಮಯ್ಯ ಅಂತೀನಿ."

ಭಾನುವಾರ ಚಿಕ್ಕಬಳ್ಳಾಪುರಕ್ಕೆ ಹೋಗಿ, ಅಲ್ಲಿಂದ ಗೌರಿಬಿದನೂರು ಬಸ್ ಹತ್ತಿ ಮಂಚೇನಹಳ್ಳಿಯಲ್ಲಿ ಇಳಿದೆ. ಅಣ್ಣ ಶ್ರೀನಿವಾಸನದು ಬಸ್ ನಿಲ್ಲುವ ಕಡೆಯೇ ಗೊಬ್ಬರ, ಬಿತ್ತನೆ ಬೀಜದ ಅಂಗಡಿ. ತಲೆ ತುಂಬ ಅದೇ ಗುಂಗುರು ಕೂದಲು, ಅಲ್ಲಲ್ಲಿ ನರೆತಿತ್ತು. ಯಾರೆಂದು ತಿಳಿದ ಮೇಲೂ ಕುರ್ಚಿ ಕೊಟ್ಟ, ಟೀ ತರಿಸಿದ. ನಾನು ಮಗುವಿನ ವಿಷಯ ಹೇಳುತ್ತ ಹೋದೆ. ಬಾಚಣಿಗೆಯ ಹಲ್ಲು ಮುರಿದದ್ದಕ್ಕೆ ಅವನಿಗೆ ನಗು ಬಂತು.

"ನಮ್ಮಮ್ಮನ ಕೂದ್ಲು ಅದು. ಅಂಗೇನೇ. ನಂಗೂ ಚಿಕ್ಕೋನಿದ್ದಾಗ ಇದೇ ಪಾಡು" ಎಂದ. ಕ್ಯಾಲೆಂಡರ್ ನೋಡಿ, "ಮೂರು ತುಂಬಿದ್ ಮೇಲೆ ಒಂದ್ ಒಳ್ಳೇ ದಿನ ನೋಡಣ" ಎಂದ. ಆಮೇಲೆ ಸುಮ್ಮನೆ, ಮಾತಿಗೆ ಮಾತು ಸೇರಿಸಿದಂತೆ ಕೇಳಿದ: "ಕತ್ತರಿ ಸೋಕಿಲ್ಲ ತಾನೇ?"

ಇಲ್ಲ ಎನ್ನಬೇಕಿತ್ತು. ಎರಡಕ್ಷರ. ಆದರೆ ನನ್ನ ಹಾಳು ಸ್ವಭಾವ. ರಿಜಿಸ್ಟರಿನಲ್ಲಿ ಒಂದು ಮೊಟ್ಟೆಯನ್ನೂ ಸುಳ್ಳು ಬರೆದವಳಲ್ಲ ಎಂಬ ಹಮ್ಮು ಬೇರೆ. ನಗುನಗುತ್ತ ಮಾತಾಡುತ್ತಿದ್ದಾನೆ, ವಿವರಿಸಿದರೆ ಅರ್ಥ ಮಾಡಿಕೊಳ್ಳುತ್ತಾನೆ ಅಂದುಕೊಂಡೆ. ಹುಣ್ಣಾಗಿತ್ತು, ಕೀವಿತ್ತು, ಚಿಕಿತ್ಸೆಗೆಂದು ಒಂದೇ ಒಂದು ಗಂಟು, ತಪ್ಪು ನನ್ನದು, ತಾಯಿಯದಲ್ಲ ಎಂದು ಎಲ್ಲವನ್ನೂ ಹೇಳಿದೆ.

ಅವನು ಟೀ ಲೋಟ ಕೆಳಗಿಟ್ಟ. ಸಿಟ್ಟು ಮಾಡಲಿಲ್ಲ. ಹೊತ್ತ ಮೂಟೆ ಇಳಿಸಿದವನ ಹಾಗೆ ಉಸಿರು ಬಿಟ್ಟ.

"ಮೊದ್ಲುನೇ ಕೂದ್ಲು ಅಂತ ತಾನೇ ನಾನು ಮಾತು ಕೊಟ್ಟಿದ್ದು? ಅದು ಆಗೋಯ್ತಲ್ಲ. ಇನ್ನು ನಂದೇನೂ ಇಲ್ಲ ಮೇಡಂ" ಎಂದ.

ಬೇಡಿಕೊಂಡೆ. ಕೈ ಮುಗಿದೆ. ಗಿರಾಕಿಗಳು ಬಂದರು, ಅವನು ಎದ್ದು ಹೋಗಿ ಬೀಜದ ಪ್ಯಾಕೆಟ್ಟು ತೆಗೆದುಕೊಡತೊಡಗಿದ. ಇನ್ನೂ ಅರ್ಧ ಗಂಟೆ ಕೂತಿದ್ದೆ. ನನ್ನ ಕಡೆ ತಿರುಗಲಿಲ್ಲ.

ಮಮತ ಶಿಡ್ಲಘಟ್ಟದ ಬಸ್ ನಿಲ್ದಾಣದಲ್ಲೇ ಕಾಯುತ್ತಿದ್ದಳು, ಮಗುವನ್ನು ಎತ್ತಿಕೊಂಡು. ನನ್ನ ಮುಖ ನೋಡಿ ಅವಳಿಗೆ ತಿಳಿಯಿತು.

"ಹೇಳ್ಬೇಡಿ ಅಂದಿದ್ನಲ್ಲ ಟೀಚರ್" ಎಂದಳು. ಅಷ್ಟೇ. ಮಗು ಅಳಲು ಶುರುಮಾಡಿತು. "ಊರ್ಕೋ ತಲ್ಲಿ, ಊರ್ಕೋ" ಎಂದು ತೆಲುಗಿನಲ್ಲಿ ಅದನ್ನು ಸುಮ್ಮನಿರಿಸುತ್ತ ಮುಂದೆ ನಡೆದಳು.

ಮರುವಾರ ಮಗುವನ್ನು ಮತ್ತೆ ಕಳಿಸಿದಳು. ಬೇರೆ ದಾರಿ ಏನಿತ್ತು ಅವಳಿಗೆ? ಮೂರು ತುಂಬಿತು. ನನ್ನ ತಮ್ಮನನ್ನು ಕರೆಸುತ್ತೇನೆ, ಅವನ ತೊಡೆಯ ಮೇಲೆ ಕೂರಿಸಿ ಶಾಸ್ತ್ರ ಮುಗಿಸೋಣ ಎಂದೆ. "ಬೇಡ ಟೀಚರ್, ಬೆಳೀಲಿ ಬಿಡಿ" ಎಂದಳು. ಕೂದಲು ಬೆಳೆಯಿತು. ಅದನ್ನು ಬಿಡಿಸುವ ಬಗೆಯನ್ನು ಅವಳೇ ನನಗೆ ಕಲಿಸಿದಳು. ಕೂದಲು ಪೂರ್ತಿ ಒದ್ದೆಯಿರಬೇಕು, ತುದಿಯಿಂದ ಶುರುಮಾಡಬೇಕು, ಬೆರಳಲ್ಲೇ ಎಳೆ ಹುಡುಕಬೇಕು, ಅವಸರ ಕೂಡದು. ದಿನಾ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ನಿವೃತ್ತಿಯ ದಿನದವರೆಗೂ ಮಾಡಿದೆ.

ಇಪ್ಪತ್ತೊಂಬತ್ತು ವರ್ಷ ಮಕ್ಕಳನ್ನು ಅಳೆದು ತೂಗಿದವಳಿಗೆ, ಮಗುವಿನ ತಲೆ ಮುಟ್ಟುವ ಮುಂಚೆ ತಾಯಿಯನ್ನು ಒಂದು ಮಾತು ಕೇಳಬೇಕು ಎಂಬುದು ಅಷ್ಟು ತಡವಾಗಿ ತಿಳಿಯಿತು. ನಿಜ ಹೇಳಿದ್ದು ತಪ್ಪೋ ಸರಿಯೋ, ಅದು ಇವತ್ತಿಗೂ ತಿಳಿದಿಲ್ಲ. ಮೋಕ್ಷಿ ಈಗ ಶಾಲೆಗೆ ಹೋಗುತ್ತಾಳೆ, ಜಡೆ ಸೊಂಟ ದಾಟಿದೆ. ಸಂತೆಯಲ್ಲಿ ಸಿಕ್ಕಾಗಲೆಲ್ಲ ಮಮತ ಮಗಳನ್ನು ಸ್ವಲ್ಪ ದೂರ ಕಳಿಸಿ, ತಗ್ಗಿದ ದನಿಯಲ್ಲಿ ಕೇಳುತ್ತಾಳೆ: "ನೀವೊಂದ್ಸಲ ಅಣ್ಣಂಗೆ ಫೋನ್ ಮಾಡಿ ನೋಡ್ತೀರ ಟೀಚರ್?"

ಮಾಡ್ತೀನಮ್ಮ ಎನ್ನುತ್ತೇನೆ. ಮಾಡುತ್ತೇನೆ ಕೂಡ. ಅವನು ಎತ್ತುವುದಿಲ್ಲ.