ಬಿಸ್ಕೆಟ್ ಪೊಲೀಸ್

ಮಕ್ಕಳ ಆಪರೇಷನ್ ವಾರ್ಡಿನ ಹಿರಿಯ ನರ್ಸಿಗೆ ಜೊತೆಯವರು ಇಟ್ಟ ಹೆಸರು ಬಿಸ್ಕೆಟ್ ಪೊಲೀಸ್. ಖಾಲಿ ಹೊಟ್ಟೆಯಲ್ಲಿ ಬರಬೇಕಾದ ಮಗುವಿಗೆ ಮನೆಯವರು ಏನು ತಿನ್ನಿಸಿದ್ದಾರೆಂದು ಪತ್ತೆ ಹಚ್ಚುವುದು ಅವರ ಬೆಳಗಿನ ಕೆಲಸ. ‘ಏನಾದ್ರೂ ಕೊಟ್ರಾ?’ ಎಂದರೆ ಎಲ್ಲರೂ ಇಲ್ಲ ಎನ್ನುತ್ತಾರೆ. ಹಾಗಾಗಿ ‘ಹಾಲಿಗೆ ಸಕ್ಕರೆ ಎಷ್ಟು ಹಾಕಿದ್ರಿ?’ ಎಂದೇ ಶುರುಮಾಡುತ್ತಾರೆ. ಮಗುವಿನ ಬಾಯಿ ಮೂಸುತ್ತಾರೆ, ಕಾಲುಚೀಲದೊಳಗೂ ಕೈ ಹಾಕುತ್ತಾರೆ, ಕೊನೆಗೆ ಅಜ್ಜಿಯೊಬ್ಬರನ್ನೇ ಪರದೆಯ ಹಿಂದಕ್ಕೆ ಕರೆಯುತ್ತಾರೆ. ಇವತ್ತಿನ ಅಜ್ಜಿ ಅಲ್ಲಿ ಅತ್ತೇಬಿಟ್ಟರು: ‘ಹಸಿವು ಹಸಿವು ಅಂತ ಬೆನ್ನು ಬಿಡ್ಲಿಲ್ಲ ಕಣಮ್ಮ, ಅರ್ಧ ಲೋಟ ಹಾಲು ಅಷ್ಟೇ. ನನ್ನ ಮಗನಿಗೆ ಹೇಳ್ಬೇಡ.’ ನರ್ಸ್ ಡಾಕ್ಟರಿಗೆ ನಿಜ ಹೇಳಿದರು. ಹೊರಗೆ ಮಗುವಿನ ಅಪ್ಪನಿಗೆ ಮಾತ್ರ, ‘ನಮ್ಮ ಕಡೆಯಿಂದ ತಪ್ಪಾಗಿದೆ, ಇವತ್ತು ಆಗಲ್ಲ. ನಾಳೆ ಬನ್ನಿ, ಅಜ್ಜಿನೂ ಕರ್ಕೊಂಡು ಬನ್ನಿ’ ಎಂದರು. ಹಿಂದೊಮ್ಮೆ ಒಬ್ಬ ಅಜ್ಜಿ ಮಗನ ಬೈಗುಳಕ್ಕೆ ಹೆದರಿ ಬಾಯಿ ಬಿಟ್ಟಿರಲಿಲ್ಲ. ಅರಿವಳಿಕೆಯ ಮಂಪರಿನಲ್ಲಿ ವಾಂತಿಯಾಗಿ, ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕಿಳಿದು, ಆ ಮಗು ಮತ್ತೆ ಕಣ್ಣು ಬಿಡಲೇ ಇಲ್ಲ. ‘ರಜೆ ಹಾಕಿ ಬಂದಿದೀನ್ರಿ! ನಿಮಗೆ ತಲೆ ನೆಟ್ಟಗಿದೆಯಾ?’ ಎಂದು ಇವತ್ತಿನ ಮಗುವಿನ ಅಪ್ಪ ಇಡೀ ವಾರ್ಡಿಗೆ ಕೇಳುವಂತೆ ಕೂಗಾಡಿದ. ಅವನು ಕೂಗಿ ಸುಸ್ತಾಗುವವರೆಗೂ ನರ್ಸ್ ತಲೆ ತಗ್ಗಿಸಿ, ‘ಹೌದು ಸಾರ್, ನಮ್ಮದೇ ತಪ್ಪು’ ಎನ್ನುತ್ತ ನಿಂತರು.